ಕೀಲಿ ಕೊಡುವ ಮುನ್ನ

ಕೂತ್ಕೋ ನಾಣು, ಹಣ ಆಮೇಲೆ ಎಣಿಸೋಣ.
ಈ ಆರ್‌ಸಿ ಪುಸ್ತಕದಲ್ಲಿ ನನ್ನದು ನಾಲ್ಕನೆಯ ಹೆಸರು,
ಚೋಂದಮ್ಮ. ಗುಮಾಸ್ತ ಸೊನ್ನೆ ಮರೆತು
ಚೋದಮ್ಮ ಎಂದು ಬರೆದಿದ್ದಾನೆ.
ತಿದ್ದಿಸಲು ಮಾದಾಪುರದಿಂದ ಮಡಿಕೇರಿಗೆ ಮೂರು ಸಲ ಹೋದೆ,
ಇದೇ ಜೀಪಿನಲ್ಲಿ.
ಡೀಸೆಲ್ ಮುಗಿಯಿತು, ಸೊನ್ನೆ ಬರಲಿಲ್ಲ.

ಮೊದಲ ಹೆಸರು ಸುಬೇದಾರ್ ಪಳಂಗಪ್ಪನವರದು.
ಮಿಲಿಟರಿ ಹರಾಜಿನಲ್ಲಿ ಕೂಗಿ ತಂದದ್ದು.
ಹುಣಸೂರಿನ ಕಾಡುದಾರಿಯಲ್ಲಿ ಎರಡು ದಿನ,
ಒಂದೇ ದೀಪ, ಹಾರ್ನ್ ಇಲ್ಲ;
ಆನೆ ಎದುರಾದಾಗ ಬಾನೆಟ್ಟಿಗೆ ಗುದ್ದಿದರಂತೆ.
ಹಿಂಬಾಗಿಲಲ್ಲಿ ಬೆರಳು ತೂರುವಷ್ಟು ತೂತಿದೆ ನೋಡು.
ಗುಂಡು ಎಂದರು ಊರವರು.
ಬ್ಯಾಟರಿ ಆಸಿಡ್ ಎಂದರು ಸುಬೇದಾರರು.
ಅವರ ಹೆಂಡತಿ ಮಾತ್ರ ಒಂದು ವರ್ಷ
ಆ ತೂತಿನ ಪಕ್ಕ ಕೂರಲಿಲ್ಲ.

ಆಮೇಲೆ ತೋಟದ ಕಂಪನಿ. ಕೆನೆಬಣ್ಣ ಬಳಿಸಿದರು.
ಹಸಿರು ಸೋಲಲಿಲ್ಲ;
ಗೀರಿದಲ್ಲೆಲ್ಲ ಇವತ್ತಿಗೂ ಇಣುಕುತ್ತದೆ.
ರೈಟರ್ ಶಿವರಾಮ ರೈ ಬಟವಾಡೆಯ ಪೆಟ್ಟಿಗೆಯನ್ನು
ತೊಡೆಯ ಮೇಲಿಟ್ಟು ಬರುತ್ತಿದ್ದ ಸೀಟು ಅದು.
ಹಳ್ಳ ಬಿದ್ದಿರುವುದು ಅವರ ತೂಕಕ್ಕಲ್ಲ,
ಚಿಲ್ಲರೆಯ ತೂಕಕ್ಕೆ.

ಮೂರನೆಯವನು ಸುಂಟಿಕೊಪ್ಪದ ಮೊಯ್ದು.
ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ,
ಬಾಗಿಲು ಬೇರೆ, ಗೇರ್‌ಬಾಕ್ಸ್ ಬೇರೆ.
ಇದರಲ್ಲಿ ಅಸಲು ಏನುಳಿಯಿತೋ ಎಂದರೆ
ಬೀಡಿ ಕಚ್ಚಿದ ಬಾಯಲ್ಲೇ, ಚಾಸಿ ತಟ್ಟಿ,
"ಬೆನ್ನು" ಅಂದ.

ನಾನು ಕೊಂಡಾಗ ನನಗೆ ಮೂವತ್ತೆಂಟು.
ಸ್ಕೂಟರ್ ಕಲಿಯಬಾರದೇ ಎಂದರು,
ನಮ್ಮ ಬಾಣೆಯ ದಾರಿ ನೋಡದವರು.
ಗುಡ್ಡ ಜಾರಿದ ವರ್ಷ ಐದು ಸೀಟಿನಲ್ಲಿ
ಹನ್ನೊಂದು ಜನ, ಒಂದು ನಾಯಿ, ಯಾರದೋ ಹೊಲಿಗೆ ಯಂತ್ರ.
ರಸ್ತೆ ಇದ್ದ ಕಡೆ ಕೆಸರು ನಡೆಯುತ್ತಿತ್ತು.
ನಾನು ಓಡಿಸಿದೆ ಎಂದು ಪೇಪರಿನವರು ಬರೆದರು.
ಸುಳ್ಳು. ನಾನು ಹಿಡಿದುಕೊಂಡಿದ್ದೆ, ಅಷ್ಟೆ.
ಮುಂದಿನ ತಿಂಗಳು ಎಫ್‌ಸಿಗೆ ಒಯ್ದರೆ
ಹಾರ್ನ್ ಸಾಲದು ಎಂದು ವಾಪಸ್ ಕಳಿಸಿದರು.

ಈಗ ಸರಿಯಾಗಿ ಕೇಳು.
ಚಳಿಯ ಬೆಳಿಗ್ಗೆ ಹೀಟರ್ ಒತ್ತಿ ಇಪ್ಪತ್ತರವರೆಗೆ ಎಣಿಸು.
ಮೊಯ್ದು ಮಲಯಾಳದಲ್ಲಿ ಎಣಿಸುತ್ತಿದ್ದ, ನಾನು ಕೊಡವ ತಕ್ಕಿನಲ್ಲಿ;
ಎರಡಕ್ಕೂ ಏಳುತ್ತದೆ, ಹದಿನೆಂಟಕ್ಕೆ ಏಳುವುದಿಲ್ಲ.
ಸ್ಟಿಯರಿಂಗ್ ಕಾಲು ಸುತ್ತು ಸುಮ್ಮನೆ ತಿರುಗುತ್ತದೆ,
ಅದು ಯೋಚಿಸುವ ಹೊತ್ತು.
ತೊರೆ ದಾಟುವ ಮುನ್ನ ಫ್ಯಾನ್ ಬೆಲ್ಟ್ ಕಳಚು.
ಕಕ್ಕಡದಲ್ಲಿ ಹಿಂದಿನ ಟೈರಿಗೆ ಸರಪಳಿ. ಸೀಟಿನಡಿ ಇದೆ,
ತುಕ್ಕು ಹಿಡಿದ ಕೊಂಡಿಯೊಂದು ಕಚ್ಚುತ್ತದೆ, ಜೋಪಾನ.
ಕೆಂಪು ಗುಂಡಿನ ಗೇರು ಹಾಕಿ ಇಳಿಯುವಾಗ
ಬ್ರೇಕಿನ ಮೇಲೆ ಕಾಲಿಡಬೇಡ.
ಇಡುತ್ತೀ, ಎಲ್ಲರೂ ಇಡುತ್ತಾರೆ. ತೆಗೆ.
ಇಂಜಿನ್ನೇ ನಿನ್ನನ್ನು ಹಿಡಿದು ಹಿಡಿದು ಇಳಿಸುತ್ತದೆ,
ಗೋಡೆ ಮುಟ್ಟಿಕೊಂಡು ಮುದುಕಿ ಮೆಟ್ಟಿಲಿಳಿದ ಹಾಗೆ.

ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುತ್ತೀಯಂತೆ. ಹತ್ತಿಸು.
ಮಂಜು ಬಿಟ್ಟು ಏನೂ ಕಾಣದ ದಿನ
ದುಡ್ಡು ದಂಡ ಎಂದು ಬೈಯುತ್ತಾರೆ.
ಆಗ ಈ ತೂತು ತೋರಿಸು.
ಗುಂಡು ಅಂತಲೇ ಹೇಳು,
ಸುಬೇದಾರರು ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾಕೆ ಮಾರುತ್ತೀರಿ ಅಂದೆಯಲ್ಲ,
ಕ್ಲಚ್ ಬಿಗಿ, ಎಡ ಮೊಣಕಾಲು ಒಪ್ಪುತ್ತಿಲ್ಲ.
ಅಷ್ಟೇ ಕಾರಣ. ಬೇರೆ ಕಥೆ ಕಟ್ಟಬೇಡ.
ಪುಸ್ತಕದಲ್ಲಿ ಇನ್ನೊಂದೇ ಹೆಸರಿಗೆ ಜಾಗವಿದೆ.
ಸೊನ್ನೆ ಇಲ್ಲದ ಹೆಸರು ನಿನ್ನದು, ಪುಣ್ಯವಂತ.

ಹೊರಟೆ ನೀನು.
ಗೇಟಿನವರೆಗೆ ಚೆನ್ನಾಗಿಯೇ ಹೋದೆ.
ಹಲಸಿನ ಮರದ ತಿರುವಿನಲ್ಲಿ
ಗೇರು ಬದಲಿಸಲು ತುಸು ತಡ ಮಾಡಿದೆ;
ಇಲ್ಲಿ, ಅಂಗಳದ ಮಣ್ಣನ್ನು
ನನ್ನ ಎಡಗಾಲು ಒತ್ತಿತು.